ರಸ್ತೆ ತಿರುಗಿದಾಗ

"ಕ್ಲಚ್ ಪೂರ್ತಿ ಒತ್ತಿ. ಈಗ ನಿಧಾನಕ್ಕೆ ಬಿಡಿ... ನಿಧಾನಕ್ಕೆ..."

ಕಾರು ಕೆಮ್ಮಿದಂತೆ ಕುಲುಕಿ ಮತ್ತೆ ನಿಂತುಹೋಯಿತು.

ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು. ಅಪ್ಪನ ಡ್ರೈವಿಂಗ್ ಸ್ಕೂಲಿನಲ್ಲಿ ಎಂಥೆಂಥವರಿಗೋ ಕಲಿಸಿದ್ದಳು. ಆದರೆ ಇಷ್ಟು ಹೆದರುವ ಶಿಷ್ಯನನ್ನು ಕಂಡಿರಲಿಲ್ಲ. ಒಳ್ಳೆ ಕಂಬದಂಥ ಆಳು. ಸ್ಟೀರಿಂಗ್ ಮುಟ್ಟಿದರೆ ಸಾಕು, ಕೈ ಗಡಗಡ! ಬೆಳಿಗ್ಗೆಯಿಂದ ನಾಲ್ಕು ಮಾತೂ ಆಡಿರಲಿಲ್ಲ. ಆಫೀಸಿನ ಹುಡುಗಿ ಆಗಲೇ ಅವನಿಗೆ 'ಮೌನಿ' ಎಂದು ಹೆಸರಿಟ್ಟಾಗಿತ್ತು.

"ಮೊದಲ ದಿನ ಎಲ್ಲರಿಗೂ ಹೀಗೇ ಆಗೋದು. ಇನ್ನೊಂದ್ಸಲ..."

ಹೇಗೋ ಸೇತುವೆಯ ಏರು ದಾಟಿದರು. ಅಷ್ಟರಲ್ಲಿ...

ರಸ್ತೆ ತಿರುಗಿತು.

ತಿರುವು ಬಂದದ್ದಲ್ಲ. ರಸ್ತೆ, ಕಂಬ, ಅಂಗಡಿ ಸಾಲು ಎಲ್ಲವೂ ಬುಗುರಿಯಂತೆ ಗಿರ್ರನೆ ತಿರುಗತೊಡಗಿದವು. ಹೊಟ್ಟೆ ತೊಳಸಿ ಬಂತು. ಕಲಿಸುವವರಿಗೆಂದು ತನ್ನ ಕಾಲ ಬಳಿ ಇದ್ದ ಬ್ರೇಕನ್ನು ಅವಳು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದಳು. ನಡುರಸ್ತೆಯಲ್ಲಿ ಕಾರು ನಿಂತಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ.

'ಅಯ್ಯೋ ದೇವರೇ... ಈ ಮನುಷ್ಯನಿಗೆ ಕಾರು ಪಕ್ಕಕ್ಕೆ ತರೋದಕ್ಕೂ ಬರಲ್ಲ...'

"ಮೇಡಂ, ಏನಾಗ್ತಿದೆ?"

"ಎಲ್ಲಾ... ಸುತ್ತುತ್ತಿದೆ..."

"ತಲೆ ಹಿಂದಕ್ಕೆ ಒರಗಿಸಿ. ಅಲುಗಾಡಿಸಬೇಡಿ. ಕಾಲು ಬ್ರೇಕಿಂದ ತೆಗೀರಿ."

ಆಮೇಲೆ ಆದದ್ದನ್ನು ಅವಳು ಕನಸಿನಲ್ಲೂ ನಿರೀಕ್ಷಿಸಿರಲಿಲ್ಲ.

ಕಾರು ನಯವಾಗಿ ಹಿಂದೆ ಸರಿಯಿತು. ಬಸ್ಸಿಗೂ ಗೋಡೆಗೂ ನಡುವೆ ಬೆಕ್ಕಿನಂತೆ ನುಸುಳಿತು. ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಲೇ ಅವನು ಇನ್ನೊಂದು ಕೈಯಿಂದ ಪ್ಲಾಸ್ಟಿಕ್ ಚೀಲ ಬಿಡಿಸಿ ಅವಳ ಮಡಿಲಲ್ಲಿಟ್ಟ. ಗೇರ್ ಬದಲಾದದ್ದೇ ತಿಳಿಯಲಿಲ್ಲ. ಕಣ್ಣು ಬಿಡುವುದರೊಳಗೆ ಕಾರು ಆಸ್ಪತ್ರೆಯ ತುರ್ತು ಬಾಗಿಲಿನ ಮುಂದಿತ್ತು.

ಅವಳು ದಂಗಾಗಿ ಅವನನ್ನೇ ನೋಡಿದಳು.

"ನಿಮಗೆ... ಕಾರು ಓಡ್ಸೋಕೆ ಬರುತ್ತಾ?"

"ಬರ್ತಿತ್ತು," ಎಂದ ಅವನು. ಸ್ಟೀರಿಂಗ್ ಬಿಟ್ಟ ಆ ಕೈಗಳು ಮತ್ತೆ ನಡುಗುತ್ತಿದ್ದವು.

*

ಅವನು ಆಂಬುಲೆನ್ಸ್ ಓಡಿಸುತ್ತಿದ್ದವನು. ಎರಡು ವರ್ಷದ ಹಿಂದೆ ಕೆಂಪು ದೀಪಕ್ಕೂ ನಿಲ್ಲದೆ ಬಂದ ಲಾರಿಯೊಂದು ಗಾಡಿಗೆ ಗುದ್ದಿತ್ತು. ಅವನ ಪಕ್ಕದಲ್ಲಿ ಕೂತಿದ್ದ ನರ್ಸಮ್ಮ ಬದುಕಲಿಲ್ಲ. ತಪ್ಪು ಅವನದಲ್ಲವೆಂದು ಎಲ್ಲರೂ ಹೇಳಿದರೂ ಕೈ ಮಾತ್ರ ಕೇಳಲಿಲ್ಲ. ಅದಕ್ಕೇ ಮೊದಲಿನಿಂದ ಕಲಿಯಲು ಬಂದಿದ್ದ.

ಅವನ ಕಥೆ ಕೇಳಿದ ವಾರವೇ ಅವಳ ಕಥೆಯೂ ಬದಲಾಯಿತು.

"ಮಲ್ಟಿಪಲ್ ಸ್ಕ್ಲೀರೋಸಿಸ್," ಎಂದರು ಡಾಕ್ಟರಮ್ಮ, ಸ್ಕ್ಯಾನಿನ ಬಿಳಿ ಚುಕ್ಕೆಗಳನ್ನು ತೋರಿಸುತ್ತ. "ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗಿದೆ. ದೇಹದ ತೂಕ ಎತ್ತ ಇದೆ ಅನ್ನೋ ಸುದ್ದಿ ಮೆದುಳಿಗೆ ಸರಿಯಾಗಿ ತಲುಪ್ತಿಲ್ಲ. ಅದಕ್ಕೇ ಈ ತಲೆಸುತ್ತು."

ಪಕ್ಕದಲ್ಲಿದ್ದ ಅಪ್ಪ ಮುಖ ಆಚೆ ತಿರುಗಿಸಿದರು.

"ಯಾವಾಗ ವಾಸಿಯಾಗುತ್ತೆ ಡಾಕ್ಟ್ರೇ?" ಎಂದು ಅವಳೇ ಕೇಳಿದಳು.

"ವಾಸಿ ಅನ್ನೋ ಮಾತು ಬೇಡಮ್ಮ. ಸಂಭಾಳಿಸ್ಕೊಂಡು ಹೋಗೋದು ಅನ್ನೋಣ. ಚೆನ್ನಾಗೇ ಹೋಗಬಹುದು."

ಇಪ್ಪತ್ತೆಂಟರ ಹರೆಯ. ನಿನ್ನೆಯವರೆಗೂ ಊರೆಲ್ಲ ಓಡಾಡುತ್ತಿದ್ದವಳು. ಇವತ್ತು ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು. ಕಾಲ ಕೆಳಗಿನ ನೆಲ ಕುಸಿಯಿತು ಅನ್ನುತ್ತಾರಲ್ಲ... ಅವಳ ಪಾಲಿಗೆ ಅದು ಬರೀ ಮಾತಾಗಿ ಉಳಿಯಲಿಲ್ಲ.

ಡ್ರಿಪ್ ಹಾಕಿದರು. ಮಾತ್ರೆ ಕೊಟ್ಟರು. ಆಮೇಲೆ ಥೆರಪಿಸ್ಟ್ ಬಳಿ ವ್ಯಾಯಾಮ. ಗೋಡೆಯ ಮೇಲಿನ ಒಂದು ಚುಕ್ಕೆಯಲ್ಲಿ ಕಣ್ಣಿಟ್ಟು ತಲೆಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿಸಬೇಕು. ಆಡಿಸಿದಷ್ಟೂ ತಲೆ ಸುತ್ತುತ್ತದೆ. ಸುತ್ತಿದಷ್ಟೂ ಮೆದುಳು ಪಳಗುತ್ತದಂತೆ.

"ಉರಿಯೋ ಗಾಯಕ್ಕೆ ಉಪ್ಪು ಹಚ್ಚಿದ ಹಾಗಿದೆ," ಎಂದು ಅವಳು ಸಿಡುಕಿದಳು.

"ಹತ್ತು ನಿಮಿಷ ಆದ್ಮೇಲೆ ಬಯ್ಯಿರಿ. ನಾನು ಇಲ್ಲೇ ಇರ್ತೀನಿ," ಎಂದ ಮೌನಿ. ಅವಳನ್ನು ನೋಡಿಕೊಂಡು ಹೋಗಲೆಂದು ಬಂದವನು ದಿನವೂ ಬರುವಂತಾಗಿದ್ದ.

ಎಡವಿದಾಗ ಅವನು ಧಾವಿಸಿ ಬಂದು ತಬ್ಬಿ ಹಿಡಿಯುತ್ತಿರಲಿಲ್ಲ. "ಹಿಡೀಲಾ, ಬೇಡ್ವಾ?" ಎಂದು ಕೇಳುತ್ತಿದ್ದ. ಬೇಡವೆಂದರೆ ಸುಮ್ಮನೆ ನಿಲ್ಲುತ್ತಿದ್ದ. ಆ ಒಂದು ಪ್ರಶ್ನೆಗೆ ಅವಳ ಮನಸ್ಸು ಅದ್ಯಾವಾಗ ಸೋತಿತೋ ಅವಳಿಗೇ ಗೊತ್ತಾಗಲಿಲ್ಲ.

ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರುವುದು, ತಿರುಗುವಾಗ ಕತ್ತನ್ನಷ್ಟೇ ಅಲ್ಲದೆ ಮೈಯನ್ನೆಲ್ಲ ತಿರುಗಿಸುವುದು, ಮೈ ಬಿಸಿಯೇರಿದರೆ ಸುತ್ತೂ ಹೆಚ್ಚುವುದರಿಂದ ಬಿಸಿನೀರಿನ ಸ್ನಾನಕ್ಕೆ ಬದಲು ಉಗುರು ಬೆಚ್ಚಗಿನ ನೀರು... ಒಂದೊಂದೇ ಕಲಿತಳು. ಸಂಜೆ ಖಾಲಿ ಮೈದಾನದಲ್ಲಿ ನಿಲ್ಲಿಸಿದ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಅವನಿಗೂ ಕಲಿಸಿದಳು.

"ಗಾಡಿ ಸ್ಟಾರ್ಟ್ ಮಾಡಬೇಡಿ. ಕೈ ಇಟ್ಕೊಂಡು ಸುಮ್ನೆ ಕೂತಿರಿ. ನಡುಗಿದ್ರೆ ನಡುಗಲಿ. ಅದಕ್ಕೂ ಸುಸ್ತಾಗುತ್ತೆ."

ಹಾಗೇ ಆಯಿತು. ಕೆಲವು ತಿಂಗಳಲ್ಲಿ ಅವನು ಮತ್ತೆ ಆಂಬುಲೆನ್ಸ್ ಹತ್ತಿದ. ಅವಳ ತಲೆಸುತ್ತೂ ನಿಂತಿತು. "ಕಲಿಸಬಹುದು," ಎಂದರು ಡಾಕ್ಟರಮ್ಮ. "ಆದ್ರೆ ಸುತ್ತು ಮತ್ತೆ ಬಂದ್ರೆ ಆ ಕ್ಷಣವೇ ಕಾರು ಬಿಡಬೇಕು. ಮುಚ್ಚಿಡಬಾರದು."

ಅವಳು ತಲೆಯಾಡಿಸಿದ್ದಳು.

*

ಬಿರುಬೇಸಿಗೆಯಲ್ಲಿ ಅದು ಮತ್ತೆ ಬಂತು.

ಅವಳು ಮುಚ್ಚಿಟ್ಟಳು.

'ಸೆಖೆ ಅಷ್ಟೇ... ನಾಳೆ ಸರಿಹೋಗುತ್ತೆ...'

ಆಫೀಸಿನ ಓಣಿಯಲ್ಲಿ ಅವಳು ಗೋಡೆ ಸವರುತ್ತ ನಡೆಯುವುದನ್ನು ಮೌನಿ ನೋಡಿದ.

"ಅಪ್ಪಂಗೆ ಹೇಳಿ," ಎಂದ ಮೆಲ್ಲಗೆ.

"ಹೇಳಿದ್ರೆ ಕೀ ಕಿತ್ಕೋತಾರೆ. ನಿಮ್ಮ ಕೈ ನಡುಕಕ್ಕೆ ನಾನು ಟೈಮ್ ಕೊಟ್ಟಿರ್ಲಿಲ್ವಾ? ನಂಗೂ ಕೊಡಿ."

ಅವನು ತನ್ನ ಕೈಗಳನ್ನೇ ನೋಡಿಕೊಂಡ.

ಮರುದಿನ ನಾಲ್ಕು ರಸ್ತೆ ಸೇರುವಲ್ಲಿ, ಕಾಲೇಜು ಹುಡುಗಿಯೊಬ್ಬಳು ಸ್ಟೀರಿಂಗ್ ಹಿಡಿದಿದ್ದಾಗ ಅವಳ ಪಾಲಿಗೆ ಲೋಕ ಮತ್ತೆ ತಿರುಗಿತು. ಬ್ರೇಕ್ ಒತ್ತುವುದು ತಡವಾಯಿತು. ಕಾರು ಡಿವೈಡರಿಗೆ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. "ಮಿಸ್, ನನ್ನದೇ ತಪ್ಪು," ಎಂದು ಆ ಹುಡುಗಿ ಅತ್ತಳು.

ಅಲ್ಲವೆನ್ನಲು ಇವಳಿಗೆ ನಾಲಿಗೆಯೇ ಏಳಲಿಲ್ಲ.

ಅದರ ಮರುದಿನ ಬೆಳಿಗ್ಗೆ ಅವಳು ಆಫೀಸಿಗೆ ಬಂದರೆ, ಒಳಕೋಣೆಯಿಂದ ಮೌನಿ ಹೊರಬರುತ್ತಿದ್ದ. ಹಿಂದೆಯೇ ಅಪ್ಪ ಬಂದು ಕೈ ಚಾಚಿದರು.

"ಕಾರಿನ ಕೀ ಕೊಡು ಪುಟ್ಟಿ."

ಅವಳು ಕೀ ಕೊಟ್ಟು, ಬೀದಿಗಿಳಿದಿದ್ದ ಮೌನಿಯನ್ನು ತಡೆದಳು.

"ಹೇಳಿಬಿಟ್ರಿ ಅಲ್ವಾ? ಬಾಯೇ ಇಲ್ಲದವರ ಹಾಗಿದ್ದು, ಸಮಯ ನೋಡಿ ಬಾಯಿ ಬಿಟ್ರಿ."

ಅವನು ಏನೋ ಹೇಳಹೋದ. ಹೇಳಲಿಲ್ಲ.

"ಇನ್ಮೇಲೆ ನನ್ನ ನೋಡೋಕೆ ಬರಬೇಡಿ."

ಅವನು ಬರಲಿಲ್ಲ. ಅವಳು ಮನೆ ಹಿಡಿದಳು. ಮತ್ತೆ ಡ್ರಿಪ್, ಮತ್ತೆ ಗೋಡೆಯ ಮೇಲಿನ ಚುಕ್ಕೆ. ಈ ಸಲ ಪಕ್ಕದ ಕುರ್ಚಿ ಖಾಲಿ.

ಒಂದು ಮಧ್ಯಾಹ್ನ ಅಪ್ಪ ಬಂದು ಮಂಚದ ತುದಿಯಲ್ಲಿ ಕೂತರು.

"ಆ ಹುಡುಗನ ಜೊತೆ ಯಾಕೆ ಮಾತು ಬಿಟ್ಟಿದ್ದೀಯ?"

"ಚಾಡಿ ಹೇಳೋರ ಜೊತೆ ಏನು ಮಾತು?"

"ಚಾಡಿ?" ಅಪ್ಪ ಹುಬ್ಬೇರಿಸಿದರು. "ಅವನು ನಿನ್ನ ತಲೆಸುತ್ತಿನ ಬಗ್ಗೆ ಒಂದಕ್ಷರ ಆಡಿಲ್ಲ. ನನ್ನ ಜೀವಮಾನವೆಲ್ಲ ಶಿಷ್ಯರ ಕಾಲು ನೋಡ್ಕೊಂಡೇ ಕಳೆದವನು ನಾನು. ಮಗಳ ಕಾಲು ತಡವರಿಸೋದು ಕಾಣಲ್ವಾ ನಂಗೆ?"

ಅವಳು ಸಟಕ್ಕನೆ ಎದ್ದು ಕೂತಳು. ಕೋಣೆ ಒಮ್ಮೆ ತೂಗಾಡಿ ನಿಂತಿತು.

"ಮತ್ತೆ... ಆವತ್ತು ಯಾಕೆ ಬಂದಿದ್ರು?"

"ನಿನ್ನನ್ನ ಮದುವೆ ಮಾಡಿಕೊಡ್ತೀರಾ ಅಂತ ಕೇಳೋಕೆ."

ಅವಳು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಈ ಕಾಯಿಲೆ ಏನು ಅಂತ ಗೊತ್ತೇನಪ್ಪಾ ನಿಂಗೆ ಅಂದೆ. 'ಡಾಕ್ಟರಮ್ಮನ ಕೇಳ್ದೆ ಸಾರ್, ಮುಂದೇನಾಗುತ್ತೋ ಅವರಿಗೂ ಗೊತ್ತಿಲ್ವಂತೆ. ಹಾಗಾಗಿ ಅವರಿಗೆ ಗೊತ್ತಿರೋಷ್ಟು ನಂಗೂ ಗೊತ್ತು' ಅಂದ." ಅಪ್ಪನ ಮುಖದಲ್ಲಿ ನಗು, ಕಣ್ಣಲ್ಲಿ ನೀರು. "ಅವಳನ್ನೇ ಕೇಳು ಅಂತ ಕಳಿಸಿದ್ದೆ. ನೀನು ಬೀದೀಲೇ ಮಂಗಳಾರತಿ ಮಾಡಿದೆ."

*

ಆಂಬುಲೆನ್ಸ್ ನಿಲ್ಲುವ ಅಂಗಳದಲ್ಲಿ ಅವನು ಗಾಡಿ ತೊಳೆಯುತ್ತಿದ್ದ. ಕೋಲೂರಿಕೊಂಡು ಬರುತ್ತಿದ್ದ ಅವಳನ್ನು ಕಂಡದ್ದೇ ಕೈಯಲ್ಲಿದ್ದ ಪೈಪು ಜಾರಿ ಅವನ ಕಾಲೆಲ್ಲ ಒದ್ದೆಯಾಯಿತು.

"ನೀವು ಹೇಳಿಲ್ಲ ಅಂತ ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು ಅವಳು, ನಿಂತ ಕೂಡಲೇ.

ಅವನು ನಲ್ಲಿ ನಿಲ್ಲಿಸಿ ಬಂದ.

"ಹೇಳೋಣ ಅಂತಲೇ ಬಂದಿದ್ದೆ. ಆ ಹುಡುಗಿಗೆ ಏನಾದ್ರೂ ಆಗಿದ್ರೆ, ನೀವು ಆಮೇಲೆ ಬದುಕ್ತಿರಲಿಲ್ಲ. ಆ ಭಾರ ಎಷ್ಟು ಅಂತ ನಂಗೊತ್ತು. ಆದ್ರೆ ನಿಮ್ಮಪ್ಪನ ಮುಂದೆ ಕೂತಾಗ ಬಾಯಿಗೆ ಬಂದಿದ್ದೇ ಬೇರೆ. ಹೇಳಬೇಕು ಅಂದ್ಕೊಂಡಿದ್ದವನು, ಹೇಳಿಲ್ಲ ಅಂತ ಹೇಗೆ ಸಾಧಿಸಲಿ?"

ತನ್ನನ್ನು ತಾನು ಉಳಿಸಿಕೊಳ್ಳಲು ಅರ್ಧ ಸತ್ಯವನ್ನೂ ಬಳಸದ ಮನುಷ್ಯ... ಇವನನ್ನೇ ತಾನು ಚಾಡಿಕೋರ ಎಂದದ್ದು.

"ಹೇಳಬೇಕಾಗಿದ್ದವಳು ನಾನು," ಎಂದಳು ಅವಳು. "ನಿನ್ನೆ ಆ ಹುಡುಗಿ ಮನೆಗೆ ಹೋಗಿ ಹೇಳಿ ಬಂದೆ. ತಪ್ಪು ನಂದು ಅಂತ. ಇನ್ಮೇಲೆ ಕಾರಲ್ಲಿ ಕೂರಲ್ಲ. ಪಾಠದ ಕೋಣೆ ಸಾಕು."

"ನೋವಾಯ್ತಾ?"

"ತುಂಬಾ. ಆದ್ರೆ ರಾತ್ರಿ ನಿದ್ದೆ ಬಂತು."

ಇಬ್ಬರೂ ನೆರಳಿನ ಕಟ್ಟೆಯ ಮೇಲೆ ಕೂತರು.

"ಮುಂದೆ ಒಂದು ದಿನ ಈ ಕೋಲೂ ಸಾಲದೆ ಹೋಗಬಹುದು," ಎಂದಳು ಅವಳು. "ಕಣ್ಣು ಮಂಜಾಗಬಹುದು. ಅಥವಾ ಏನೂ ಆಗದೇನೂ ಇರಬಹುದು. ಯಾವುದಕ್ಕೂ ಗ್ಯಾರಂಟಿ ಇಲ್ಲ."

"ಹೂಂ."

"ಬರೀ ಹೂಂ ಅಂದ್ರೆ ಆಗಲ್ಲ. ಅಪ್ಪನ್ನ ಕೇಳಿದ್ರಂತೆ. ನನ್ನ ಮಾತ್ರ ಇವತ್ತಿನವರೆಗೂ ಕೇಳಿಲ್ಲ."

ಅವನ ಮುಖ ಕೆಂಪೇರಿತು. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಕೇಳಿದ್ರೆ ಏನಂತೀರೋ ಅಂತ ಭಯ."

"ಕೇಳಿ ನೋಡಿ."

"ನನ್ನ ಮದುವೆ ಆಗ್ತೀರಾ?"

ಅವಳು ತಲೆಯನ್ನು ಮೆಲ್ಲಗೆ ಅವನ ಭುಜಕ್ಕೆ ಒರಗಿಸಿದಳು.

ಅವನು ಅನುಮಾನದಿಂದಲೇ ಕೇಳಿದ.

"ಇದು... ತಲೆಸುತ್ತಾ? ಒಪ್ಪಿಗೇನಾ?"

"ಒಪ್ಪಿಗೆ ಕಣೋ ದಡ್ಡ," ಎಂದಳು ಅವಳು, ಮೊದಲ ಬಾರಿ ಏಕವಚನದಲ್ಲಿ.