ಜುಲೈ ಹನ್ನೆರಡರ ಪಿನ್

ಮೊದಲ ಭೇಟಿಯಲ್ಲೇ ಕೀರ್ತನ ವಸಂತನ ರಕ್ತ ಹರಿಸಿದ್ದಳು. ದೊಡ್ಡಬಳ್ಳಾಪುರದ ಸೀರೆ ಅಂಗಡಿಯ ಕೆಲಸಕ್ಕೆ ರಾಜಘಟ್ಟದಿಂದ ಬರುವಾಗ, ಕಿಕ್ಕಿರಿದ ಬಸ್ಸಿನಲ್ಲಿ ಯಾರೋ ಸೊಂಟಕ್ಕೆ ಕೈ ಹಾಕಿದ. ಅವಳು ಸೆರಗಿನ ಪಿನ್ ಕಿತ್ತು, ಹಿಂದೆ ನೋಡದೆ ಚುಚ್ಚಿಬಿಟ್ಟಳು. ಚುಚ್ಚಿದ್ದು ಪಾಪ, ಮಗ್ಗದ ಮೆಕ್ಯಾನಿಕ್ ವಸಂತನ ಅಂಗೈಗೆ. ಕೈ ಹಾಕಿದವನು ಪಕ್ಕದಲ್ಲಿ ನಿಂತು ನಗುತ್ತಿದ್ದ. ವಸಂತ ಅವನ ಮೂಗಿಗೆ ಒಂದು ಗುದ್ದಿ, ಆಮೇಲೆ ಅವಳತ್ತ ತಿರುಗಿದ.

"ನಿಮ್ಮ ಪಿನ್ನು. ಬಗ್ಗೋಗಿದೆ."

"ನೀವೇ ಇಟ್ಕೊಳ್ಳಿ." ಅವಳ ಕಿವಿ ಕೆಂಪಾಗಿತ್ತು. "ತುಂಬಾ ನೋವಾಯ್ತಾ?"

"ನಾಳೆ ಇದೇ ಬಸ್ಸಲ್ಲಿ ಹೇಳ್ತೀನಿ."

ಆ ನಾಳೆ ಒಂದು ವರ್ಷ ನಡೆಯಿತು. ಅವಳ ಸೆರಗಿನದೂ ಪಿನ್, ಅವನು ಸಾಲ ಕೇಳುವ ಸಣ್ಣ ಪಿನ್ ಚಾರ್ಜರಿನದೂ ಪಿನ್, ವಿಳಾಸದ ಕೊನೆಯದೂ ಪಿನ್, ಎಟಿಎಂ ಮುಂದೆ ಅವನು ಮರೆತು ತಲೆ ಕೆರೆದುಕೊಳ್ಳುವುದೂ ಪಿನ್ನೇ.

"ಇಂಗ್ಲಿಷ್‌ನೋರಿಗೆ ಬೇರೆ ಪದ ಸಿಗ್ಲಿಲ್ವಾ?" ಎಂದು ಅವಳು ನಕ್ಕರೆ, ಅವನು ಅಂಗೈಯ ಕಲೆ ತೋರಿಸುತ್ತಿದ್ದ.

"ನಂಗೆ ನೆನಪಿರೋದು ಇದೊಂದೇ ಕಣೇ."

ಅವಳ ಅಣ್ಣ ಮುನೀಂದ್ರನಿಗೆ ಸುದ್ದಿ ಮುಟ್ಟಿತು. ಅವನು ವಸಂತನನ್ನು ಮಗ್ಗದ ಶೆಡ್ಡಿನಿಂದ ಬೀದಿಗೆಳೆದು ಚಚ್ಚಿದ. ಬೀದಿ ತುಂಬ ಮಗ್ಗಗಳ ಸದ್ದು, ಏಟು ಯಾರಿಗೂ ಕೇಳಲಿಲ್ಲ. ಕೀರ್ತನ ಓಡಿ ಬರುವಷ್ಟರಲ್ಲಿ ವಸಂತನ ತುಟಿ ಸೀಳಿತ್ತು, ಅಂಗಿ ಹರಿದಿತ್ತು, ಅವನ ಫೋನು ಅಣ್ಣನ ಕೈಯಲ್ಲಿತ್ತು.

"ಪಿನ್ ಹೇಳೋ. ನನ್ನ ತಂಗಿ ಫೋಟೋ ಎಷ್ಟು ಇಟ್ಕೊಂಡಿದ್ದೀಯ ನೋಡ್ತೀನಿ."

ವಸಂತ ಬಾಯಿ ಬಿಡಲಿಲ್ಲ. ಪಕ್ಕೆಗೆ ಇನ್ನೊಂದು ಒದೆ ಬಿತ್ತು. ಫೋನು ತೆರೆದರೆ ತನ್ನ ಮೆಸೇಜುಗಳೆಲ್ಲ ಹೊರಬೀಳುತ್ತವೆ, ತನ್ನ ಮಾನ ಉಳಿಸಲು ಇವನು ಸಾಯಲೂ ತಯಾರಿದ್ದಾನೆ ಎಂದು ಅವಳಿಗೆ ಅರ್ಥವಾಯಿತು.

"ಒಂದು ಎರಡು ಸೊನ್ನೆ ಏಳು," ಎಂದು ಕಿರುಚಿದಳು.

ಅದೇ ಹೊತ್ತಿಗೆ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತವು. ಅವಳ ದನಿ ಬೀದಿಗೆಲ್ಲ ಕೇಳಿಸಿತು. ಬಾಗಿಲುಗಳಲ್ಲಿ ಜನ ಬಂದು ನಿಂತರು.

"ನಿಂಗೆ ಹೆಂಗೆ ಗೊತ್ತು?" ಎಂದ ಮುನೀಂದ್ರ.

"ಜುಲೈ ಹನ್ನೆರಡು. ನಾನು ಇವ್ನಿಗೆ ಪಿನ್ ಚುಚ್ಚಿದ ದಿನ." ಈಗ ಕಿರುಚಬೇಕಾಗಿರಲಿಲ್ಲ. "ಇವ್ನು ನನ್ನ ಹಿಂದೆ ಬಿದ್ದಿಲ್ಲ ಅಣ್ಣ. ನಾನೇ ಇಷ್ಟಪಟ್ಟಿದ್ದು. ಹೊಡಿಯೋದಾದ್ರೆ ನಂಗೆ ಹೊಡಿ."

ಮುನೀಂದ್ರ ಫೋನು ತೆರೆದ. ಅವಳ ಫೋಟೋ ಒಂದೂ ಇರಲಿಲ್ಲ. ಬಗ್ಗಿದ ಒಂದು ಪಿನ್ನಿನ ಫೋಟೋ ಇತ್ತು. ಅದನ್ನೇ ನೋಡುತ್ತ ನಿಂತವನು, ಫೋನನ್ನು ಜಗಲಿಯ ಮೇಲಿಟ್ಟು ಮುಖ ತಿರುಗಿಸಿದ.

ಕೀರ್ತನ ಮಣ್ಣಿನಲ್ಲಿ ಕೂತು ಸೆರಗಿನ ಪಿನ್ ಬಿಚ್ಚಿದಳು. ವಸಂತ ಊದಿದ ಕಣ್ಣು ತೆರೆದ.

"ಮತ್ತೆ ಚುಚ್ತೀಯೇನೇ?"

"ಅಲ್ಲಾಡ್ಬೇಡ, ಸುಮ್ನಿರು."

ಇಡೀ ಬೀದಿ ನೋಡುತ್ತಿರುವಾಗಲೇ, ಅವನ ಹರಿದ ಅಂಗಿಯ ಎರಡು ಅಂಚು ಕೂಡಿಸಿ ಅವಳು ಪಿನ್ ಹಾಕಿದಳು.