ಮೈಕ್ ಆಫ್ ಮಾಡಿದ್ಯಾ?

"ಮೈಕ್ ಆನ್ ಇದೆ ಮೇಡಂ. ನನ್ನ ಬೈಯೋದಾದ್ರೆ ಮೆಲ್ಲಗೆ ಬೈಯಿರಿ, ಕಿವಿ ಹೋಗುತ್ತೆ."

ಶೂಟಿಂಗಿನ ಮೊದಲ ದಿನ ಪ್ರಮೀಳಾಳ ದುಪಟ್ಟಾಕ್ಕೆ ಪುಟ್ಟ ಮೈಕು ಸಿಕ್ಕಿಸುತ್ತಾ ನಿಟ್ಟೂರಿನವನಾದ ಸೌಂಡಿನ ಸೋಮಶೇಖರ್ ಹಾಗಂದಿದ್ದ. ಅವಳು ನಗಲಿಲ್ಲ. ದೂರ ಹೋಗಿ ನಿಂತು, "ನಿಟ್ಟೂರಿನ ಕೋತಿ," ಎಂದು ಪಿಸುಗುಟ್ಟಿದಳು. ಹುಣಸೆಮರದಡಿ ಹೆಡ್‌ಫೋನ್ ಹಾಕಿ ಕೂತಿದ್ದವನು ಅಲ್ಲಿಂದಲೇ ಕೈಮುಗಿದ.

ಅಂದಿನಿಂದ ಅವಳು ಆ ಮೈಕಿಗೆ ಏನೇನೋ ಹೇಳುತ್ತಿದ್ದಳು. ಅವನು ತಿರುಗಿ ಹೇಳುವ ಹಾಗಿಲ್ಲ. ಅದರಲ್ಲಿ ಮಾತು ಒಂದೇ ಕಡೆಗೆ ಹೋಗುತ್ತದೆ.

ಅವಳು ಹುತ್ರಿದುರ್ಗದ ತಪ್ಪಲಿನ ಇರುಳಿಗ ಬುಡಕಟ್ಟಿನ ಹುಡುಗಿ. ಈ ವೆಬ್ ಸೀರೀಸಿನ ಕಥೆ ಬರೆದವಳೂ, ನಡುನಡುವೆ ಅದನ್ನು ನಿರೂಪಿಸುವವಳೂ ಅವಳೇ; ಕಥೆ ತನ್ನ ಜನರದು. ಇವತ್ತಿನ ಸೀನಿಗೆ ಮಾತ್ರ ನಟಿ ಇಲ್ಲ. ಫಾರೆಸ್ಟಿನವರು ತಮ್ಮ ಗುಡಿಸಲು ಕಿತ್ತ ದಿನ ಅವ್ವ ಹೇಗೆ ಸತ್ತಳೆಂದು ಅವಳೇ ಕ್ಯಾಮೆರಾ ನೋಡಿ ಹೇಳಬೇಕು.

ಹೇಳಿದಳು. ಅಷ್ಟರಲ್ಲಿ ಕುಣಿಗಲ್ ಬಸ್ಸು ಹಾರ್ನ್ ಹೊಡೆಯಿತು.

"ಸೌಂಡ್?" ಎಂದ ಡೈರೆಕ್ಟರ್ ಚೈತನ್ಯ.

"ನಾಟ್ ಓಕೆ." ಕೆಲಸದ ರೂಢಿಯಲ್ಲಿ ಸೋಮು ಅಂದುಬಿಟ್ಟ. ಅಂದಮೇಲೆ ಅವಳ ಮುಖ ನೋಡಿದ.

ಎರಡನೇ ಸಲ ಅವಳ ದನಿ ಒಡೆಯಿತು. ಅದು ಚೈತನ್ಯನಿಗೆ ಹಿಡಿಸಿತು. "ಸೂಪರ್ ಪ್ರಮೀಳಾ. ಇದೇ ಫೀಲಲ್ಲಿ ಒನ್ ಮೋರ್. ಕಷ್ಟ ಆದ್ರೆ ಕೌನ್ಸೆಲರ್ ನಂಬರ್ ಇದೆ, ಮಾತಾಡಿ."

ನಂಬರನ್ನು ವ್ಯಾನಿನ ಬಾಗಿಲಿಗೇ ಅಂಟಿಸಿದ್ದರು. ಸೋಮು ಫೋನ್ ಎತ್ತಿ ಹಿಡಿದು ಬಂಡೆ ಹತ್ತಿದ, ಇಳಿದ. ಒಂದು ಕಡ್ಡಿ ಟವರೂ ಸಿಗಲಿಲ್ಲ.

"ಸರ್, ಎರಡನೇದೇ ಚೆನ್ನಾಗಿದೆ. ಸಾಕು."

"ನೀನು ಸೌಂಡ್ ನೋಡ್ಕೋ ಗುರು."

ಹೆಡ್‌ಫೋನ್ ಏರಿಸಿಕೊಂಡ. ಅವಳ ಉಸಿರು ಕಿವಿಯೊಳಗೇ ಇತ್ತು. "ಸೋಮು, ಈ ಸಲ ನೀನಾದ್ರೂ ಕೇಳಿಸ್ಕೋಬೇಡ ಕಣೋ. ತೆಗ್ದುಬುಡು ಅದನ್ನ."

ಅವನು ತೆಗೆದು ಕೊರಳಿಗೆ ಇಳಿಸಿಕೊಂಡ. ಅಷ್ಟು ದೂರದಿಂದ ಅವಳ ತುಟಿ ಅಲುಗುವುದಷ್ಟೇ ಕಂಡಿತು.

"ಸೌಂಡ್?"

"ಓಕೆ," ಎಂದ, ಒಂದಕ್ಷರವೂ ಕೇಳದೆ.

ಮೈಕು ಬಿಚ್ಚಲು ಹೋದಾಗ ಅವಳ ಕೈ ತಣ್ಣಗಿತ್ತು.

"ಆಗಲ್ಲ ಅಂದ್ಬಿಡು ಪ್ರಮೀಳಾ."

"ನಾನು ಆಗಲ್ಲ ಅಂದ್ರೆ ಬೇರೆ ಯಾರ ಕೈಲೋ ಹೇಳಿಸ್ತಾರೆ. ನಮ್ಮವ್ವನ ಸಾವು ಅವ್ರ ಬಾಯಲ್ಲಿ ಬೇಡ." ಅವನ ಕೈಲಿದ್ದ ಮೈಕು ನೋಡಿ, "ಆಫ್ ಮಾಡಿದ್ಯಾ?"

"ಆಫ್."

"ನಂಗೆ ನೀನು ಬೇಕು. ಒಂದೇ ಸಲ ಹೇಳೋದು. ಇನ್ನೊಂದ್ಸಲ ಹೇಳು ಅನ್ಬೇಡ."

"ಅನ್ನಲ್ಲ. ನಂಗೂ ನೀನೇ ಬೇಕು. ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."

ಅವಳಿಗೆ ನಗು ಬಂತು. ಪೂರ್ತಿ ಬರುವಷ್ಟರಲ್ಲಿ ಚೈತನ್ಯ ಕೂಗಿದ: "ಕ್ಲೋಸಪ್ ಬಾಕಿ ಇದೆ. ಒನ್ ಮೋರ್."

ಸೋಮು ಕದಲಲಿಲ್ಲ. ಅವಳೇ ದುಪಟ್ಟಾದ ಅಂಚು ಎತ್ತಿ ಅವನ ಮುಂದೆ ಹಿಡಿದಳು.

"ಹಾಕು. ನಿನ್ ಕೈಯಾದ್ರೆ ಪರವಾಗಿಲ್ಲ."

ಮೈಕು ಸಿಕ್ಕಿಸಿದ. ಆನ್ ಮಾಡುವ ಸ್ವಿಚ್ಚು ಮಾತ್ರ ಅವನ ಬೆರಳಿಗೆ ಬೇಗ ಸಿಗಲಿಲ್ಲ.