ಗುಲ್ನಾರಳ ಸಾವಿಗೆ ಸೇಡು

"ಈವತ್ತು ಆಟ ನಾನು ನಡೆಸ್ತೀನಿ. ಎದ್ದೇಳಿ ಅಲ್ಲಿಂದ!"

ತಾಹಿರಾ ಹಾಗೆ ಅಂದದ್ದೇ ತಡ, ಅಸ್ಗರ್ ಕುರ್ಚಿ ಬಿಟ್ಟು ಎದ್ದ. 1993ರ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಹುಡುಗರ ಮೇಲೆ ಹೀಗೆ ರೇಗುವ ಹುಡುಗಿ ಅವಳೊಬ್ಬಳೇ!

ರೇಗದೆ ಇನ್ನೇನು ಮಾಡುತ್ತಾಳೆ ಹೇಳಿ? ಪ್ರತಿ ಶನಿವಾರ ಮಧ್ಯಾಹ್ನ ಫಿಸಿಕ್ಸ್ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಮೂವರು ಸಹಪಾಠಿಗಳು ಒಂದು ಆಟ ಆಡುತ್ತಿದ್ದರು. ಅಸ್ಗರ್ ಕಥೆ ಹೇಳಬೇಕು. ತಾಹಿರಾ, ಚನ್ನಕೇಶವ ಒಂದೊಂದು ಪಾತ್ರವಾಗಿ ದಾಳ ಉರುಳಿಸಬೇಕು; ಹೆಚ್ಚು ಬಿದ್ದರೆ ಗೆಲುವು, ಕಮ್ಮಿ ಬಿದ್ದರೆ ಸೋಲು. ತಾಹಿರಾಳ ಪಾತ್ರ ಗುಲ್ನಾರ್ ಎಂಬ ವೀರವನಿತೆ. ಶಕ್ತಿ ಹದಿನೆಂಟು, ಆಟದಲ್ಲಿ ಅದೇ ಅತಿ ಹೆಚ್ಚು!

ಹೋದ ವಾರ ಗುಲ್ನಾರ್ ಬೇರೊಂದು ಗ್ರಹದಲ್ಲಿ ಕೋಟೆಯ ಕೊನೆಯ ಬಾಗಿಲು ತಳ್ಳುತ್ತಿದ್ದಳು. "ಇಲ್ಲಿ ಗುರುತ್ವ ಭೂಮಿಯ ಎರಡರಷ್ಟು. ನಿಮ್ಮ ಶಕ್ತಿ ಅರ್ಧ, ಒಂಬತ್ತೇ" ಎಂದುಬಿಟ್ಟ ಅಸ್ಗರ್. ಬಾಗಿಲು ಜಗ್ಗಲಿಲ್ಲ. ಹಿಂದಿನಿಂದ ಬಂದ ರಾಕ್ಷಸ ಅವಳನ್ನು ಕೊಂದ. ಚನ್ನಕೇಶವ ಹೊಟ್ಟೆ ಹಿಡಿದುಕೊಂಡು ನಕ್ಕ.

ಶಿಡ್ಲಘಟ್ಟದ ಬಸ್ಸಿನಲ್ಲಿ ಮನೆಗೆ ಹೋಗುವಾಗ ತಾಹಿರಾಳಿಗೆ ಹೊಳೆಯಿತು. ಎತ್ತುವಾಗ ತೂಕ ಅಡ್ಡ ಬರುತ್ತದೆ, ಸರಿ. ಪಕ್ಕಕ್ಕೆ ತಿರುಗುವ ಬಾಗಿಲನ್ನು ತಳ್ಳುವಾಗ ಗುರುತ್ವಕ್ಕೇನು ಕೆಲಸ?

ಮೋಸ! ಹುಡುಗಿಯನ್ನು ಆಟದಿಂದ ಓಡಿಸಲು ಮಾಡಿದ ಮೋಸ! ಅದೂ ಅಸ್ಗರ್... ಯಾರ ದನಿ ಕೇಳಲು ಅವಳು ವಾರವಿಡೀ ಕಾಯುತ್ತಿದ್ದಳೋ, ಅವನೇ!

'ಬಿಡಲ್ಲ. ಅದೇ ಗುರುತ್ವದಿಂದ್ಲೇ ಅವನನ್ನ ಮುಗಿಸ್ತೀನಿ.'

ಈಗ ಅಸ್ಗರ್ ತನಗೊಬ್ಬ ವೀರನನ್ನು ಬರೆದುಕೊಂಡ. ತಾಹಿರಾ ಕಥೆ ಶುರು ಮಾಡಿದಳು.

"ನೀವು ಚಂದ್ರನ ಮೇಲಿದೀರಾ. ಹಿಂದೆ ಶತ್ರುಗಳು. ಎದುರಿಗೆ ಬಂಗಾರದ ಬಂಡೆ, ಆರುನೂರು ಕಿಲೋ."

"ಇಲ್ಲಿ ತೂಕ ಆರರಲ್ಲಿ ಒಂದು ಪಾಲು ತಾನೇ? ಹೊತ್ಕೊಂಡು ಓಡ್ತೀನಿ!"

"ಓಡಿ. ಮುಂದೆ ಪ್ರಪಾತ."

"ನಿಂತ್ಕೋತೀನಿ."

"ಹೆಂಗೆ ನಿಲ್ತೀರಾ? ತೂಕ ಕಮ್ಮಿ ಆಯ್ತು, ಬಂಡೆ ಕಮ್ಮಿ ಆಯ್ತಾ? ಓಡೋ ವೇಗದಲ್ಲಿರೋ ಆರುನೂರು ಕಿಲೋ ನಿಮ್ಮನ್ನ ಮುಂದಕ್ಕೆ ಎಳ್ಕೊಂಡೇ ಹೋಗುತ್ತೆ. ದಾಳ ಹಾಕಿ!"

ಎರಡು ಬಿತ್ತು.

"ಸತ್ರಿ!"

"ಅಯ್ಯಪ್ಪಾ, ಏನ್ ಹೊಡೆತ ಕಣಮ್ಮಾ!" ಎನ್ನುತ್ತಾ ಚನ್ನಕೇಶವ ಟೀ ತರಲು ಎದ್ದು ಹೋದ.

ಅಸ್ಗರ್ ಮೆಲ್ಲಗೆ ನಗುತ್ತಿದ್ದ. ಸೇಡು ತೀರಿತು. ಆದರೂ ತಾಹಿರಾಳ ಸಿಟ್ಟು ಆರಲಿಲ್ಲ.

"ನಗ್ತೀರಾ? ಬಾಗಿಲ ವಿಷಯ ಗೊತ್ತಿದ್ದೇ ಮೋಸ ಮಾಡಿದ್ರಿ ಅಲ್ವಾ?"

"ಗೊತ್ತಿತ್ತು."

"ಯಾಕೆ?!"

"ಆ ಬಾಗಿಲು ತೆಗೆದಿದ್ರೆ ಆಟ ಮುಗ್ದೋಗ್ತಿತ್ತು. ಆಮೇಲೆ ನೀವ್ಯಾಕೆ ಬರ್ತೀರಾ? ಕೋಪಕ್ಕಾದ್ರೂ ಬರ್ತೀರೇನೋ ಅಂತ..." ಅವನ ದನಿ ತಗ್ಗಿತು. "ನಂಗೆ ನೀವಂದ್ರೆ ತುಂಬಾ ಇಷ್ಟ, ತಾಹಿರಾ."

ಅವಳ ಕಣ್ಣು ತುಂಬಿತು. ಕೋಪ ಮಾತ್ರ ಇಳಿಯಲಿಲ್ಲ.

"ಅದನ್ನ ಹೇಳೋಕೆ ಬಾಯಿರಲಿಲ್ವಾ? ನನ್ನ ಗುಲ್ನಾರ್‌ನ ಯಾಕೆ ಕೊಲ್ಬೇಕಿತ್ತು?"

"ತಪ್ಪಾಯ್ತು. ಏನ್ ಶಿಕ್ಷೆ ಬೇಕಾದ್ರೂ ಕೊಡಿ."

"ಹೊಸ ಪಾತ್ರ ಬರ್ಕೊಳ್ಳಿ. ಶಕ್ತಿ ಮೂರೇ. ಪ್ರತಿ ಶನಿವಾರ ಒಂದೊಂದು ಗ್ರಹದಲ್ಲಿ ಸಾಯಿಸ್ತೀನಿ."

"ಎಷ್ಟು ದಿನ?"

"ನಿಮ್ಮ ಅಮ್ಮೀನ ನಮ್ಮನೆಗೆ ಮಾತಾಡೋಕೆ ಕಳಿಸೋವರೆಗೂ." ಅವಳು ತಲೆ ತಗ್ಗಿಸಿದಳು. "ನಿಖಾ ಆದ್ಮೇಲೆ... ದಿನಾ ಸಾಯಿಸ್ತೀನಿ."

"ನಾಳೇನೇ ಕಳಿಸ್ತೀನಿ!"

"ಭಾನುವಾರ ಬಸ್ಸು ಕಮ್ಮಿ," ಎಂದಳು ತಾಹಿರಾ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಬೆಳಗ್ಗೇನೇ ಹೊರಡೋಕೆ ಹೇಳಿ."